ಸಂಪಿಗೆ ರಸ್ತೆಯಲ್ಲಿ ಸನ್‌ಬೋರ್ಡ್ ಹಿಡಿದು ಒಂದು ದಿನ

ದಾರಿ ತೋರುವ ಫಲಕಗಳ ಕೆಲಸದಲ್ಲಿ ಮಾದರಿ ನಿಲ್ಲಿಸಿ ನೋಡುವ ದಿನ ಅಂತ ಒಂದಿರುತ್ತದೆ. ಫಲಕವನ್ನು ಪೂರ್ತಿ ಅಳತೆಗೆ ಮುದ್ರಿಸಿ, ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆಗೆ) ಅಂಟಿಸಿ, ಅದು ಬರಬೇಕಾದ ಫುಟ್‌ಪಾತಿನಲ್ಲೇ ಹಿಡಿದು ನಿಲ್ಲುವುದು. ಗ್ರಾಫಿಕ್ ಡಿಸೈನೂ ಗೊತ್ತು, ನಗರ ವಿನ್ಯಾಸವೂ ಬೇಕು ಅನ್ನುವವರಿಗೆ ಸಿಗುವ ಉದ್ಯೋಗ ಯಾವುದೆಂದು ಕೇಳಿದರೆ ತೋರಿಸಬೇಕಾದದ್ದು ಇದನ್ನೇ.

ಜಾಗ ಬೆಂಗಳೂರಿನ ಮಲ್ಲೇಶ್ವರ, ಮೆಟ್ರೊ ನಿಲ್ದಾಣದಿಂದ ಎಂಟನೇ ಕ್ರಾಸಿನ ಕಡೆಗೆ ಹೋಗುವ ಸಂಪಿಗೆ ರಸ್ತೆ. ಕ್ರಾಸುಗಳ ಸಂಖ್ಯೆ ದಕ್ಷಿಣದಿಂದ ಉತ್ತರಕ್ಕೆ ಏರುತ್ತ ಹೋಗುತ್ತದೆ, ಅದೊಂದು ಗೊತ್ತಾದರೆ ಆಯಿತು. ಗೊತ್ತಾಗುವ ತನಕವೇ ಕಷ್ಟ. ಹಾಗಾಗಿ ಬೆಳಿಗ್ಗೆಯ ಕೆಲಸ ಬರೀ ನೋಡುವುದು: ಜನ ಎಲ್ಲಿ ನಿಂತು ಫೋನ್ ತೆಗೆಯುತ್ತಾರೆ, ಎಲ್ಲಿ ಆಟೊದವರನ್ನು ಕೇಳುತ್ತಾರೆ ಅನ್ನುವುದಕ್ಕೆಲ್ಲ ನಕ್ಷೆಯ ಮೇಲೆ ಒಂದೊಂದು ಚುಕ್ಕೆ. ಚುಕ್ಕೆಗಳು ಗುಂಪುಗೂಡಿದ ಕಡೆ ಫಲಕ. ಕಂಬ ಇಟ್ಟ ಮೇಲೂ ನಡೆಯಲು 1.8 ಮೀಟರ್ ಉಳಿಯಬೇಕು, ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಹೇಳುವುದು ಅಷ್ಟು. ಅಡಿಯಲ್ಲಿ ಕರೆಂಟಿನ ಕೇಬಲ್ಲೋ ನೀರಿನ ಪೈಪೋ ಇದ್ದರೆ ಮತ್ತೆ ಸರಿಸಬೇಕು. ಅಗೆದು ನೋಡದೆ ಬರೆದ ಡ್ರಾಯಿಂಗನ್ನು ನಂಬುವಂತಿಲ್ಲ.

ಆಮೇಲೆ ಅಕ್ಷರ. ಹತ್ತು ಮೀಟರ್ ದೂರದಿಂದ ಓದಲು ಇಂಗ್ಲಿಷಿನ ದೊಡ್ಡಕ್ಷರ 25 ಮಿಲಿಮೀಟರಿಗಿಂತ ಚಿಕ್ಕದಿರಬಾರದು, ವಯಸ್ಸಾದವರಿಗೆ ಅದೂ ಸಾಲದು. ಕನ್ನಡವನ್ನು ಪಕ್ಕದಲ್ಲಿ ಅದೇ ಪಾಯಿಂಟಿನಲ್ಲಿ ಕೂರಿಸಿದರೆ ಸಣ್ಣದಾಗಿ ಕಾಣುತ್ತದೆ, ದೂರದಿಂದ ಸುಳಿಗಳು ತುಂಬಿಕೊಳ್ಳುತ್ತವೆ. ‘ಮಲ್ಲೇಶ್ವರ’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಒತ್ತಕ್ಷರ, ಮೇಲೆ ಒಂದು ಏತ್ವ. ಸಾಲಿಗೆ ಮೂಲಾಕ್ಷರದ ಹತ್ತಿರ ಹತ್ತಿರ ಎರಡರಷ್ಟು ಎತ್ತರ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಇಂಗ್ಲಿಷಿಗೆ ಗ್ರಿಡ್ (ಅಕ್ಷರ ಕೂರಿಸುವ ಗೆರೆಗಳ ಚೌಕಟ್ಟು) ಹಾಕಿ ಕನ್ನಡವನ್ನು ಆಮೇಲೆ ತುರುಕುವ ಫಲಕಗಳೆಲ್ಲ ಇಲ್ಲೇ ಕೆಡುವುದು. ಮೊದಲು ಕನ್ನಡ ಕೂರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸುವುದೇ ಸುಲಭ. ವಿನ್ಯಾಸದ ತಂತ್ರಾಂಶ ಇಲಸ್ಟ್ರೇಟರಿನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಆಗಿರದಿದ್ದರೆ ಒತ್ತಕ್ಷರ ಒಡೆದು ಪಕ್ಕಪಕ್ಕ ನಿಲ್ಲುತ್ತವೆ. ಮುದ್ರಣಕ್ಕೆ ಕಳಿಸುವ ಮುಂಚೆ ಅಕ್ಷರವನ್ನೆಲ್ಲ ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ), ಕನ್ನಡ ಓದುವವರೊಬ್ಬರು ಕಾಗದದ ಮೇಲೆ ಓದಲೇಬೇಕು.

ನಕ್ಷೆಯದು ಬೇರೆ ತಕರಾರು. 2007ರಲ್ಲಿ ಲಂಡನ್ನಿನ ಬಾಂಡ್ ಸ್ಟ್ರೀಟ್ ಸುತ್ತ ಪ್ರಯೋಗವಾಗಿ ನಿಲ್ಲಿಸಿದ ‘ಲೆಜಿಬಲ್ ಲಂಡನ್’ ಎಂಬ ಪಾದಚಾರಿ ಫಲಕಗಳಲ್ಲಿ ಓದುವವರು ಮುಖ ಮಾಡಿ ನಿಂತ ದಿಕ್ಕೇ ನಕ್ಷೆಯ ಮೇಲ್ಭಾಗ. ಐದು ನಿಮಿಷದ ನಡಿಗೆ ಎಷ್ಟೆಂದು ತೋರುವ ವೃತ್ತವೂ ಅದರಲ್ಲಿದೆ. ಆ ಪದ್ಧತಿಯನ್ನು ಸಂಪಿಗೆ ರಸ್ತೆಗೆ ತಂದರೆ ಒಂದೇ ಕಂಬದ ಎರಡು ಮುಖಕ್ಕೆ ಎರಡು ನಕ್ಷೆ ಬೇಕು: ಉತ್ತರಕ್ಕೆ ನೋಡುತ್ತ ಓದುವವರಿಗೆ ಎಂಟನೇ ಕ್ರಾಸ್ ಮೇಲೆ, ಹಿಂಬದಿಯಲ್ಲಿ ಓದುವವರಿಗೆ ಕೆಳಗೆ. ಫಿಟ್ಟರ್ ಅದಲುಬದಲು ಅಂಟಿಸಿದರೆ ಫಲಕ ಸುಳ್ಳು ಹೇಳುತ್ತದೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಶೀಟಿನ ಬೆನ್ನಿಗೆ ‘ಓದುವವರ ಮುಖ ಉತ್ತರಕ್ಕೆ’ ಅಥವಾ ‘ದಕ್ಷಿಣಕ್ಕೆ’ ಎಂದು ಬರೆದು, ಎದುರಿಗೆ ಕಾಣುವ ಅಂಗಡಿಯ ಫೋಟೊವನ್ನೂ ಅಂಟಿಸಿ ಕಳಿಸುವುದು ಕ್ಷೇಮ.

ಸಂಜೆ ಅದೇ ಜಾಗಕ್ಕೆ ಮತ್ತೆ ಹೋಗದಿದ್ದರೆ ದಿನವೆಲ್ಲ ದಂಡ. ಹೂವಿನವರು, ಬಟ್ಟೆಯವರು ಕೂತ ಮೇಲೆ ಫಲಕದ ಕೆಳಗಿನ ಮೀಟರು ಕಾಣುವುದೇ ಇಲ್ಲ. ಅಲ್ಲಿ ನಕ್ಷೆ ಇಟ್ಟಿದ್ದರೆ ಹೋಯಿತು. ವ್ಯಾಪಾರಿಗಳನ್ನು ಎಬ್ಬಿಸಿ ಎನ್ನುವ ಡಿಸೈನರ್ ಊರು ಓದಿದವನಲ್ಲ. ಮುಖ್ಯ ಮಾಹಿತಿಯನ್ನು ನೆಲದಿಂದ 1.2ರಿಂದ 1.6 ಮೀಟರ್ ಎತ್ತರದ ಪಟ್ಟಿಯಲ್ಲಿ ಇಡಬೇಕು, ಗಾಲಿಕುರ್ಚಿಯವರಿಗಾಗಿ ಅದರ ಕೆಳ ಅಂಚಿಗೆ ಹತ್ತಿರವಾಗಿ.

ಓದಿನ ದಾರಿ ನೇರವಾಗಿಲ್ಲ. ಡಿಸೈನ್ ಪದವಿಯಾದ ಬಿ.ಡೆಸ್‌ಗೆ ಯುಸೀಡ್, ಅದರ ಸ್ನಾತಕೋತ್ತರವಾದ ಎಂ.ಡೆಸ್‌ಗೆ ಸೀಡ್ ಪ್ರವೇಶ ಪರೀಕ್ಷೆಗಳಿವೆ, ಆದರೆ ನಗರ ವಿನ್ಯಾಸದ ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಕೇಳುತ್ತಾರೆ. ಗ್ರಾಫಿಕ್ಸ್ ಓದಿದವರು ಫಲಕ ವಿನ್ಯಾಸದ ಸಂಸ್ಥೆ ಸೇರಿ ಡ್ರಾಯಿಂಗ್ ಬರೆಯುವ ತಂತ್ರಾಂಶ ಆಟೊಕ್ಯಾಡ್ ಕಲಿತು, ರಸ್ತೆಯ ಅಡ್ಡಕೊಯ್ತದ ಡ್ರಾಯಿಂಗ್ ಓದಲು ಕಲಿಯುವುದೇ ಹೆಚ್ಚು. ಪೋರ್ಟ್‌ಫೋಲಿಯೊದಲ್ಲಿ ಲೋಗೊಗಳ ಸಾಲಿಗಿಂತ ಫಲಕಗಳ ಒಂದು ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತದೆ: ಫಲಕದ ಸಂಖ್ಯೆ, ನಿಲ್ಲುವ ಮೂಲೆ, ಯಾವ ಮುಖದಲ್ಲಿ ಯಾವ ಪಠ್ಯ, ಬಾಣದ ದಿಕ್ಕು, ಅಡಿಪಾಯದ ಅಳತೆ, ಜೊತೆಗೆ ಬೆಳಿಗ್ಗೆಯದೊಂದು ಸಂಜೆಯದೊಂದು ಫೋಟೊ.