ಓದಿ ಏನು ಮಾಡಿದಿ?

ಹೋದ ಡಿಸೆಂಬರಿನಲ್ಲಿ ನಮ್ಮ ಕನ್ನಡ ಮಾಸ್ತರರು ತೀರಿಕೊಂಡರು. ಫೋನ್ ಬಂದಾಗ ನಾನು ಹುಬ್ಬಳ್ಳಿಯ ನನ್ನ ವರ್ಕ್‌ಶಾಪಿನಲ್ಲಿದ್ದೆ. ಲೇತ್ ಬಂದ್ ಮಾಡಿಸಿ, ಕೈ ತೊಳೆದುಕೊಂಡು, ಸೀದಾ ಗದಗಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವರ ಮುಖಕ್ಕಿಂತ ಜಾಸ್ತಿ ಕಣ್ಣ ಮುಂದೆ ಬಂದದ್ದು ಅವರ ಟ್ರಂಕು.

ಹಸಿರು ಬಣ್ಣದ ತಗಡಿನ ಟ್ರಂಕು ಅದು. ಕೀಲಿ ಇರಲಿಲ್ಲ, ಕೊಂಡಿಗೆ ಒಂದು ತಂತಿ ಸುತ್ತಿರುತ್ತಿದ್ದರು. ಶಾಲೆಯ ಪುಸ್ತಕದ ಕಪಾಟಿಗೆ ಮಾತ್ರ ವರ್ಷವಿಡೀ ಬೀಗ. ಅದಕ್ಕೇ ಮಾಸ್ತರರು ತಮ್ಮ ಸ್ವಂತ ಪುಸ್ತಕಗಳನ್ನು ಆ ಟ್ರಂಕಿನಲ್ಲಿ ತುಂಬಿ, ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ತಂದು, ನಮ್ಮ ಕ್ಲಾಸಿನ ಮೂಲೆಯಲ್ಲಿ ಇಟ್ಟುಬಿಟ್ಟಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ತಂತಿ ಬಿಚ್ಚುತ್ತಿದ್ದರು. "ಪುಸ್ತಕ ಹರದ್ರ ಹರೀಲಿ. ಹುಡುಗರ ಕೈಯಾಗ ಹರದದ್ದು ಬ್ಯಾರೆ, ಗೆದ್ದಲ ತಿಂದದ್ದು ಬ್ಯಾರೆ" ಅನ್ನುತ್ತಿದ್ದರು.

ಅದರೊಳಗೆ ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಒಂದು ಸಂಪುಟ ಇತ್ತು, ರಟ್ಟು ಕಿತ್ತಿದ್ದು. "1936ರಾಗ ಕನ್ನಡದ ಮಕ್ಕಳಿಗಂತ ಮೂರು ಸಂಪುಟ ಬರದಾರ, ಒಬ್ಬರ ಮನಷ್ಯಾ!" ಎಂದು ಅದನ್ನು ಎತ್ತಿಕೊಟ್ಟಾಗಲೆಲ್ಲ ಹೇಳುತ್ತಿದ್ದರು. ಹುರಿಯಿಂದ ಕಟ್ಟಿದ, 'ಬಾಲ ವಿಜ್ಞಾನ' ಎಂಬ ವಿಜ್ಞಾನದ ಮಾಸಪತ್ರಿಕೆಯ ಹಳೆಯ ಸಂಚಿಕೆಗಳಿದ್ದವು. ಚಂದಮಾಮ ಇತ್ತು, ಅದಕ್ಕೆ ಸದಾ ಜಗಳ. ಹಕ್ಕಿಗಳ ಚಿತ್ರದ ಪುಸ್ತಕ ಒಂದು. ಇನ್ನೊಂದು ತೆಳು ಪುಸ್ತಕ, ಮನೆಯಲ್ಲೇ ಮಾಡಿ ನೋಡುವ ಪ್ರಯೋಗಗಳದ್ದು. ಮುಖಪುಟವೇ ಇರಲಿಲ್ಲ, ಹಾಗಾಗಿ ಅದರ ಹೆಸರು ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಪುಸ್ತಕ ಒಯ್ದರೆ ರಿಜಿಸ್ಟರಿನಲ್ಲಿ ಬರೆಯಬೇಕು. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಬರವಿಲ್ಲ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದವನ್ನು ತಂದು ಮಾಸ್ತರರೇ ಹೊಲಿದಿದ್ದ ಉದ್ದನೆಯ ರಿಜಿಸ್ಟರು. ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ. ಆಮೇಲೆ ಕೊನೆಯದೊಂದು ಅಗಲವಾದ ಕಾಲಂ: 'ಓದಿ ಏನು ಮಾಡಿದಿ?'

ನನಗೆ ಮೊದಲ ಸಲ ಅದು ಅರ್ಥವೇ ಆಗಿರಲಿಲ್ಲ. ಸಾರಾಂಶ ಹೇಳಲು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು. "ಕಥಿ ನನಗೂ ಗೊತ್ತೈತಿ. ನೀ ಏನ ಮಾಡಿದಿ ಅದನ್ನ ಹೇಳು." ಏನೂ ಮಾಡಿಲ್ಲ ಅಂದೆ. "ಹಂಗಾರ ಇನ್ನೊಂದ ವಾರ ನಿನ್ನ ಹತ್ರನ ಇರಲಿ" ಎಂದು ಪುಸ್ತಕವನ್ನು ವಾಪಸ್ ನನ್ನ ಕೈಗೇ ಕೊಟ್ಟರು.

ಆ ವಾರ ನಾನು ಪೆರಿಸ್ಕೋಪ್ ಮಾಡಲು ಕೂತೆ.

ಆ ಪ್ರಯೋಗಗಳ ಪುಸ್ತಕದಲ್ಲಿ ಚಿತ್ರ ಇತ್ತು. ಒಂದು ಉದ್ದ ಡಬ್ಬಿ, ಮೇಲೊಂದು ಕನ್ನಡಿ, ಕೆಳಗೊಂದು; ಕೆಳಗೆ ಕಣ್ಣಿಟ್ಟರೆ ಮೇಲಿನ ಎತ್ತರದಿಂದ ಕಾಣುವುದೆಲ್ಲ ಕಾಣಬೇಕು. ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಎಂಟಾಣೆಗೆ ಎರಡು ಕನ್ನಡಿ ಚೂರು ಸಿಕ್ಕವು. ರಟ್ಟು ಪ್ರೆಸ್ಸಿನದು. ಮೈದಾ ಹಿಟ್ಟಿನ ಅಂಟು ಅವ್ವ ಕುದಿಸಿಕೊಟ್ಟಳು. ಎಲ್ಲ ಅಂಟಿಸಿ ಕಣ್ಣಿಟ್ಟು ನೋಡಿದರೆ ಬರೀ ರಟ್ಟು ಕಾಣಿಸಿತು. ಮಾಸ್ತರರ ಹತ್ತಿರ ಒಯ್ದೆ. ಅವರು ಒಂದು ಚೌಕ ಕಾಗದ ತೆಗೆದುಕೊಂಡರು. ಮೂಲೆಗೆ ಮೂಲೆ ಕೂಡಿಸಿ ಮಡಚಿದರು. ಉಗುರಿನಿಂದ ಮಡಿಕೆಯ ಮೇಲೆ ಗೀರಿದರು. "ಇದ ನೋಡು 45 ಡಿಗ್ರಿ. ಕನ್ನಡಿ ಎರಡೂ ಇಷ್ಟ ವಾರಿ ಇರಬೇಕು." ಕಂಪಾಸ್ ಪೆಟ್ಟಿಗೆ ಬೇಕಾಗಲಿಲ್ಲ. ಈಗಲೂ ನನ್ನ ವರ್ಕ್‌ಶಾಪಿಗೆ ಬರುವ ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದು ಆ ಕಾಗದದ ಮಡಿಕೆಯನ್ನೇ.

ಪೆರಿಸ್ಕೋಪ್ ಸಿದ್ಧವಾಯಿತು. ಅದನ್ನು ಏನಕ್ಕೆ ಬಳಸಬೇಕು ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ನಮ್ಮ ಗೆಳೆಯರ ಗುಂಪಿಗೆ ಹೊಳೆದದ್ದು ಒಂದೇ: ಹೆಡ್‌ಮಾಸ್ತರರ ಕೋಣೆಯ ಕಿಟಕಿ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಅಲ್ಲೇ ಸೈಕ್ಲೋಸ್ಟೈಲ್ ಮಾಡುತ್ತಿದ್ದರು. ಕಿಟಕಿ ನಮ್ಮ ತಲೆಗಿಂತ ಎತ್ತರ. ಸಂಜೆ ಶಾಲೆ ಬಿಟ್ಟ ಮೇಲೆ ನಾಲ್ಕು ಜನ ಗೋಡೆಗೆ ಅಂಟಿ ನಿಂತೆವು. ಮೊದಲು ನಾನು ನೋಡಿದೆ. ಮೇಜು ಕಂಡಿತು, ಮಸಿ ಬಳಿದ ಮಷೀನು ಕಂಡಿತು, ಹೆಡ್‌ಮಾಸ್ತರರ ಬೋಳು ತಲೆ ಕಂಡಿತು. ಗೆಳೆಯ ಅವಸರ ಮಾಡಿದ. ನಾನು ಮುಖ ಪಕ್ಕಕ್ಕೆ ಸರಿಸಿದೆ. ಅಷ್ಟೇ, ನಮ್ಮ ಬೆನ್ನ ಹಿಂದಿದ್ದ ಇಳಿಬಿಸಿಲು ಕೆಳಗಿನ ಕನ್ನಡಿಗೆ ಬಿದ್ದು, ಡಬ್ಬಿಯೊಳಗೆ ಏರಿ, ಮೇಲಿನ ಕನ್ನಡಿಯಿಂದ ಹೊರಟು, ಹೆಡ್‌ಮಾಸ್ತರರ ಎದುರಿನ ಗೋಡೆಯ ಮೇಲೆ ಬೆಳ್ಳನೆಯ ಚೌಕವಾಗಿ ಕುಣಿಯತೊಡಗಿತು!

ಛಡಿ ಏಟು ಎಷ್ಟು ಬಿದ್ದವು ಎಂದು ಎಣಿಸಲಿಲ್ಲ. ಪೆರಿಸ್ಕೋಪ್ ಜಪ್ತಿಯಾಯಿತು. ಮಾಸ್ತರರು ಒಂದು ಮಾತೂ ಬೈಯಲಿಲ್ಲ. ಶನಿವಾರ ರಿಜಿಸ್ಟರ್ ತೆಗೆದು, "ಈಗ ಹೇಳು, ಸಿಕ್ಕಿಬಿದ್ದದ್ದು ಹ್ಯಾಂಗ?" ಎಂದು ಕೇಳಿದರು. ಹೇಳಿದೆ. ಅವರು ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ ನನ್ನ ಹೆಸರಿನ ಮುಂದೆ ಬರೆದರು: 'ಪೆರಿಸ್ಕೋಪ್ ಮಾಡಿದ. ಬೆಳಕು ಬಂದ ದಾರಿಯಿಂದಲೇ ತಿರುಗಿ ಹೋಗುತ್ತದೆ ಎಂದು ಕಂಡುಕೊಂಡ.'

ಕಂಡುಕೊಂಡ! ಹದಿಮೂರು ವರ್ಷದ ಹುಡುಗನಿಗೆ ಆ ಒಂದು ಶಬ್ದ ಏನು ಮಾಡಿತು ಎಂದು ನಾನು ಹೇಗೆ ಹೇಳಲಿ? ಇವತ್ತು ನಾನು ಮಾಡುವ ಕೂರಿಗೆಯನ್ನು ನಮ್ಮ ಭಾಗದ ಎರಿ ಹೊಲಗಳಲ್ಲಿ ರೈತರು ಬಳಸುತ್ತಾರೆ. ಧಾರವಾಡದ ಕೃಷಿ ಮೇಳದಲ್ಲಿ ಜನ ನಿಂತು ನೋಡಿದ್ದಾರೆ. ಬೀಜ ಬೀಳುವ ಅಂತರವನ್ನು ಬೇಕಾದಂತೆ ಬದಲಿಸುವ ಅದರ ಗಾಲಿ ನಾನೇ ಯೋಚಿಸಿ ಮಾಡಿದ್ದು, ಯಾವ ಕಂಪನಿಯಿಂದಲೂ ನಕಲು ಮಾಡಿದ್ದಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಆ ಹೆಮ್ಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಸ್ತರರದು.

ಹಕ್ಕಿ ಪುಸ್ತಕದ ಕಥೆಯೂ ಇದೆ. ಪಕ್ಷಿತಜ್ಞ ಸಲೀಂ ಅಲಿಯವರು ಹುಡುಗರಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದದ್ದು, ಅದರ ಕುತ್ತಿಗೆಯ ಮೇಲೆ ಹಳದಿ ಗುರುತು ಕಂಡು ಯಾವ ಹಕ್ಕಿ ಎಂದು ಕೇಳಲು ಮುಂಬೈಯ ನಿಸರ್ಗ ಇತಿಹಾಸ ಸಂಘಕ್ಕೆ ಹೋದದ್ದು, ಅಲ್ಲಿಂದ ಇಡೀ ಬದುಕೇ ತಿರುಗಿದ್ದು. ಅದನ್ನು ಮಾಸ್ತರರು ನಮಗೆ ಹೇಳಿದ್ದು ಮಾಗಡಿ ಕೆರೆಯ ದಂಡೆಯ ಮೇಲೆ, ಜನವರಿಯ ಚಳಿಯಲ್ಲಿ. ನಮ್ಮ ಜನಕ್ಕೆ ಆ ಕೆರೆ ಶಿರಹಟ್ಟಿ ದಾರಿಯ ಒಂದು ಕೆರೆ, ಅಷ್ಟೇ ಆಗಿತ್ತು. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಪೇಪರಿನವರೆಲ್ಲ ಬರೆದರು. ನಾವು ಅದಕ್ಕೂ ಎಷ್ಟೋ ಮೊದಲೇ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಎಣಿಸಿದ್ದೆವು. ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮೂರ ಹೊಲದಲ್ಲಿ ಮೇಯುತ್ತದೆ ಎಂದು ಕೇಳಿ ನಾನು ಆ ರಾತ್ರಿ ನಿದ್ದೆ ಮಾಡಿರಲಿಲ್ಲ.

ಈಗಿನ ಶಾಲೆಗಳ ಬಗ್ಗೆ ನನಗೆ ಬೇಜಾರಿದೆ, ಮುಚ್ಚಿಡುವುದಿಲ್ಲ. ನನ್ನ ಮಗಳಿಗೆ ವಿಜ್ಞಾನದ ಪ್ರಾಜೆಕ್ಟ್ ಕೊಟ್ಟಿದ್ದರು. ಸ್ಟೇಶನರಿ ಅಂಗಡಿಯಲ್ಲಿ ರೆಡಿ ಸಿಗುತ್ತದೆ, ಥರ್ಮಾಕೋಲಿನದು, ಬಣ್ಣ ಹಚ್ಚಿದ್ದು. ತಂದಿಟ್ಟರೆ ಮಾರ್ಕ್ಸ್ ಸಿಗುತ್ತವೆ. ಲೈಬ್ರರಿ ಪೀರಿಯಡ್ ಇದೆ ಅಂತ ಟೈಮ್‌ಟೇಬಲ್ಲಿನಲ್ಲಿ ಬರೆದಿರುತ್ತದೆ, ಆ ಹೊತ್ತಿಗೆ ಗಣಿತ ನಡೆಯುತ್ತದೆ. ಮಕ್ಕಳ ಪುಸ್ತಕಗಳು ಈಗ ನಮ್ಮ ಕಾಲದ್ದಕ್ಕಿಂತ ಎಷ್ಟು ಚಂದ ಬರುತ್ತಿವೆ! ಬಣ್ಣ, ಕಾಗದ, ಚಿತ್ರ ಎಲ್ಲ ಇದೆ. ಓದಿದ ಮಗುವಿಗೆ 'ಏನು ಮಾಡಿದಿ?' ಎಂದು ಕೇಳುವವರು ಬೇಕಲ್ವಾ?

ಮಾಸ್ತರರ ಮನೆಯಲ್ಲಿ ಅವರ ಮಗ ಟ್ರಂಕು ತೆಗೆದು ತೋರಿಸಿದರು. ಪುಸ್ತಕ ಅರ್ಧಕ್ಕರ್ಧ ಇರಲಿಲ್ಲ. ರಿಜಿಸ್ಟರ್ ಇತ್ತು. ನನ್ನ ಸಾಲು ಹುಡುಕಿದೆ. ಪೆರಿಸ್ಕೋಪಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ರೈಟ್ ಮಾರ್ಕ್ ಇತ್ತು. ಅದು ನನಗೆ ನೆನಪಿತ್ತು. ನೆನಪಿರದಿದ್ದದ್ದು ಅದರ ಕೆಳಗಿನ ಸಾಲು. ನಮ್ಮ ಕ್ಲಾಸಿನ ಒಬ್ಬ ಹುಡುಗಿ, ಯಾವತ್ತೂ ಮಾತಾಡದವಳು, ಹಕ್ಕಿ ಪುಸ್ತಕ ಒಯ್ದಿದ್ದಳು. ಪೆನ್ಸಿಲಿನಲ್ಲಿ ಬರೆದಿದ್ದಳು: 'ಗೀಜಗನ ಗೂಡು ತರಬೇಕಂತ ಬಾವಿಗೆ ಹೋದೆ. ಒಳಗೆ ಮರಿ ಇದ್ದವು. ತರಲಿಲ್ಲ.'

ಅದರ ಮುಂದೆ ಎರಡು ರೈಟ್ ಮಾರ್ಕ್ ಇದ್ದವು.