ಹದ್ದು ಒಂದು, ತಾಣ ಎರಡು

ಉಪಗ್ರಹದ ಲೆಕ್ಕ ಹಕ್ಕಿಯ ನಿಜವಾದ ಜಾಗದ ಜೊತೆಗೇ ಕೊಡುವ ಸುಳ್ಳು ಜಾಗಗಳ, ಅಂದರೆ ಕನ್ನಡಿ ತಾಣಗಳ ಕಾಟ ಕೊನೆಗೂ ತೀರಿದೆ. ಫ್ಲಾರಿಡಾದಲ್ಲಿ ಹುಟ್ಟಿ, ಬೇಸಿಗೆಗೆ ಚೆಸಾಪೀಕ್ ಕೊಲ್ಲಿಯ ಕಡೆಗೆ ಬಂದ ಆ ಎಳೆಯ ಬೋಳು ಹದ್ದು (ಬಾಲ್ಡ್ ಈಗಲ್) ನನ್ನ ನಕ್ಷೆಯಲ್ಲಿ ಇನ್ನು ಮುಂದೆ ಒಂದು ವಾರ ಮೇರಿಲ್ಯಾಂಡ್, ಮರುವಾರ ಮಿಸೂರಿ, ಮತ್ತೆ ಮೇರಿಲ್ಯಾಂಡ್ ಎಂದು ಅಂಡಲೆಯುವುದಿಲ್ಲ. ಬೀಗದ ಕೈ ಇದ್ದದ್ದು ಅಕ್ಷಾಂಶದಲ್ಲೂ ಅಲ್ಲ, ರೇಖಾಂಶದಲ್ಲೂ ಅಲ್ಲ. ಹದ್ದಿನ ತಾಣಗಳ ಅದೇ ಕಡತದ ಬಲತುದಿಯಲ್ಲಿ, ಎಲ್ಲರೂ ದಾಟಿ ಹೋಗುವ ಆವೃತ್ತಿಯ (ರೇಡಿಯೊ ಸಂಕೇತದ ಫ್ರೀಕ್ವೆನ್ಸಿಯ) ಕಾಲಂನಲ್ಲಿ.

ಕಡತ ಇಳಿಸಿಕೊಳ್ಳುವುದು, ಸಮಯವಲಯ ಸರಿಪಡಿಸುವುದು, ನಕಲು ಸಾಲುಗಳನ್ನು ಕಿತ್ತುಹಾಕುವುದು, ಕೆಲಸಕ್ಕೆ ಬಾರದ ಝಡ್ ದರ್ಜೆಯ ತಾಣಗಳನ್ನು ಬಿಸಾಡುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಇಂದಿನ ಟ್ರಾನ್ಸ್‌ಮಿಟರ್‌ಗಳು ಜಿಪಿಎಸ್‌ನಿಂದ ತಾಣ ಹಿಡಿದು ಮೊಬೈಲ್ ಜಾಲದ ಮೂಲಕ ಕಳುಹಿಸುತ್ತವೆ. ಅವುಗಳಿಗೆ ಈ ತಲೆನೋವಿಲ್ಲ. ನನ್ನ ಕೈಯಲ್ಲಿರುವುದು ಸಂಶೋಧಕರೊಬ್ಬರ ಅನುಮತಿ ಪಡೆದು ತಂದ, ಯಂತ್ರದ ಸಂಕೇತವನ್ನು ಉಪಗ್ರಹ ಕೇಳಿ ಅದರಿಂದ ಜಾಗ ಲೆಕ್ಕ ಹಾಕುವ ಆರ್ಗೋಸ್ ವ್ಯವಸ್ಥೆಯ ಕಾಲದ ಹಳೆಯ ದತ್ತಾಂಶ. ಹದ್ದಿನ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟುವುದು ಪರವಾನಗಿ ಪಡೆದವರ ಕೆಲಸ. 1940ರ ಕಾನೂನು ಇಲ್ಲಿ ಅಮೆರಿಕದಲ್ಲಿ ಪರವಾನಗಿಯಿಲ್ಲದೆ ಬೋಳು ಹದ್ದಿನ ಒಂದು ಗರಿಯನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ, ಬಿಡಲೂ ಬಾರದು. ನಮ್ಮಂಥ ಹವ್ಯಾಸಿಗಳಿಗೆ ಉಳಿದಿರುವುದು ಅಂಕಿಗಳು. ಅವುಗಳಲ್ಲಿಯೇ ಒಂದು ಜೀವಮಾನಕ್ಕೆ ಸಾಲುವಷ್ಟು ಕೆಲಸವಿದೆ.

ಫ್ಲಾರಿಡಾದ ಮರಿಗಳು ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುತ್ತವೆ ಎಂಬುದನ್ನು ಲೋಕಕ್ಕೆ ತೋರಿಸಿದವರೂ ಹವ್ಯಾಸಿಯೇ. ಕೆನಡಾದ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ ಚಾರ್ಲ್ಸ್ ಬ್ರೋಲಿ 1939ರಿಂದ ಫ್ಲಾರಿಡಾದ ಎತ್ತರದ ಮರಗಳನ್ನು ಹಗ್ಗದೇಣಿ ಹಾಕಿ ಹತ್ತಿ, ಸಾವಿರಕ್ಕೂ ಹೆಚ್ಚು ಮರಿಗಳ ಕಾಲಿಗೆ ಉಂಗುರ ತೊಡಿಸಿದರು. ಆ ಉಂಗುರಗಳು ಉತ್ತರದ ರಾಜ್ಯಗಳಲ್ಲಿ, ಕೆನಡಾದಲ್ಲಿ ಸಿಗತೊಡಗಿದಾಗ ಪಕ್ಷಿತಜ್ಞರು ಬೆರಗಾದರು. ಚಳಿಗೆ ದಕ್ಷಿಣಕ್ಕೆ ಹೋಗುವ ಹಕ್ಕಿಗಳನ್ನು ಕಂಡವರಿಗೆ, ಸೆಕೆ ತಾಳದೆ ಉತ್ತರಕ್ಕೆ ಹಾರುವ ಮರಿಗಳು ಹೊಸತು. ಮುಂದೆ ಅದೇ ಬ್ರೋಲಿ ಗೂಡುಗಳು ಬರಿದಾಗುತ್ತಿರುವುದನ್ನೂ ಕಂಡು ಡಿಡಿಟಿ ಕೀಟನಾಶಕದತ್ತ ಬೆರಳು ತೋರಿಸಿದರು. 1963ರಲ್ಲಿ ಅಲಾಸ್ಕಾ ಬಿಟ್ಟು ಅಮೆರಿಕದ ಉಳಿದ ನೆಲದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 417 ಜೋಡಿ. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2019ರ ಅಂದಾಜು 71,000 ಜೋಡಿಗೂ ಮೇಲೆ. ಈ ಎರಡು ಸಂಖ್ಯೆಗಳ ನಡುವೆ ಬದುಕಿದ ಹಕ್ಕಿಗಳಲ್ಲಿ ನನ್ನದೂ ಒಂದು. ಅದರ ದಾರಿಯಲ್ಲಿ ಸುಳ್ಳು ಸೇರಬಾರದು ಎಂಬ ಹಟ ನನಗೆ ಹತ್ತಿದ್ದು ಅದಕ್ಕೇ.

ಈಗ ಸಮಸ್ಯೆ. ಆ ಕಾಲದ ಆರ್ಗೋಸ್ ಉಪಗ್ರಹಗಳು ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಓಡುತ್ತಿದ್ದವು. ಹದ್ದಿನ ಬೆನ್ನಿನ ಯಂತ್ರ 401.65 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಉಪಗ್ರಹ ಸಮೀಪಿಸುವಾಗ ಆವೃತ್ತಿ ಸುಮಾರು 9 ಕಿಲೋಹರ್ಟ್ಸ್‌ವರೆಗೆ ಏರಿ ಕೇಳಿಸುತ್ತದೆ, ದಾಟಿ ಹೋದಂತೆ ಅಷ್ಟೇ ಇಳಿಯುತ್ತದೆ. ಈ ಏರಿಳಿತವನ್ನು ರೇಖೆಯಾಗಿ ಎಳೆದಾಗ ಅದರ ಇಳಿಜಾರು ಕಡಿದಾಗಿದ್ದರೆ ಹಕ್ಕಿ ಉಪಗ್ರಹದ ದಾರಿಗೆ ಹತ್ತಿರ, ಮೆತ್ತಗಿದ್ದರೆ ದೂರ. ಆದರೆ ದೂರ ಯಾವ ಬದಿಗೆ? ದಾರಿಯ ಎಡಕ್ಕೋ ಬಲಕ್ಕೋ ಎಂಬುದನ್ನು ಆ ರೇಖೆ ಹೇಳುವುದಿಲ್ಲ. ಹೀಗಾಗಿ ಪ್ರತಿ ಲೆಕ್ಕಕ್ಕೂ ಎರಡು ಉತ್ತರ: ಒಂದು ನಿಜ, ಇನ್ನೊಂದು ಕನ್ನಡಿ. ಡಯಾಗ್ ಎಂಬ ಹಳೆಯ ನಮೂನೆಯ ಆರ್ಗೋಸ್ ಕಡತದಲ್ಲಿ ಎರಡೂ ಇರುತ್ತವೆ. ಎಷ್ಟೋ ಕಡತಗಳಲ್ಲಿ ಯಾರೋ ಎರಡನೆಯದನ್ನು ಅನಗತ್ಯವೆಂದು ಅಳಿಸಿರುತ್ತಾರೆ. ಅಳಿಸಿದವರ ಮೇಲೆ ನನಗೆ ಈಗಲೂ ಕೋಪವಿದೆ.

ಕನ್ನಡಿ ತಾಣ ಅಟ್ಲಾಂಟಿಕ್ ಸಾಗರದ ನಡುವೆ ಬಿದ್ದರೆ ಯಾರಾದರೂ ಅಳಿಸಬಹುದು. ನನ್ನ ದುರದೃಷ್ಟಕ್ಕೆ ಈ ಹಕ್ಕಿಯ ಸುಳ್ಳು ತಾಣಗಳೆಲ್ಲ ಪಶ್ಚಿಮಕ್ಕೆ, ಮಿಸಿಸಿಪಿ ನದಿಯ ಬಯಲಿಗೆ ಬೀಳುತ್ತಿದ್ದವು. ಅಲ್ಲಿ ನೀರಿದೆ, ಮೀನಿದೆ, ಚಳಿಗಾಲದಲ್ಲಂತೂ ಬೋಳು ಹದ್ದುಗಳ ಜಾತ್ರೆಯೇ ನೆರೆಯುತ್ತದೆ. ಎಳೆಯ ಹದ್ದುಗಳು ಗೊತ್ತುಗುರಿಯಿಲ್ಲದೆ ಅಲೆಯುತ್ತವೆ ಎಂಬುದೂ ನಿಜ: ಅಯೋವಾದ ಡೆಕೋರಾ ಗೂಡಿನಲ್ಲಿ 2011ರಲ್ಲಿ ಹುಟ್ಟಿದ ಡಿ1 ಎಂಬ ಹೆಸರಿನ ಹದ್ದು ಹಡ್ಸನ್ ಕೊಲ್ಲಿಯ ಸಮೀಪದವರೆಗೆ ಹೋಗಿತ್ತು. ಹಾಗಿರುವಾಗ ಮಿಸೂರಿಯನ್ನು ಯಾವ ಬಾಯಿಂದ ಸುಳ್ಳೆನ್ನುವುದು?

ಹಕ್ಕಿ ಹಾರಲಾರದ ವೇಗ ಬೇಡುವ ತಾಣಗಳನ್ನು ತೆಗೆದುಹಾಕುವ ವೇಗದ ಜರಡಿ ಹಾಕಿ ನೋಡಿ ಎನ್ನುತ್ತೀರಿ. ಹಾಕಿದೆ. ಬ್ಯಾಟರಿ ಉಳಿಸಲು ಈ ಟ್ರಾನ್ಸ್‌ಮಿಟರ್ ಕೆಲವು ಗಂಟೆ ಮಾತನಾಡಿ ಕೆಲವು ದಿನ ಮೌನ ಹಿಡಿಯುತ್ತದೆ. ಮಾತನಾಡುವ ಸರದಿಯಲ್ಲಿಯೂ ಹಲವು ಸಲ ಉಪಗ್ರಹ ಒಂದೇ ಒಂದು ಸಲ ಹಾದು ಹೋದ ಹಾದಿ ಮಾತ್ರ ಲೆಕ್ಕಕ್ಕೆ ದಕ್ಕಿರುತ್ತದೆ. ನಾಲ್ಕೈದು ದಿನಗಳ ಅಂತರವಿದ್ದರೆ ಹದ್ದು ಸಾವಿರ ಕಿಲೋಮೀಟರ್ ಹಾರಿರಲು ಯಾವ ಅಡ್ಡಿಯೂ ಇಲ್ಲ. ಜರಡಿ ಮಿಸೂರಿಯನ್ನು ಸಲೀಸಾಗಿ ಒಳಗೆ ಬಿಟ್ಟಿತು. ಆರ್ಗೋಸ್ ತಾಣಗಳನ್ನು ಸೋಸುವ ಡೇವಿಡ್ ಡಗ್ಲಸ್ ಅವರ ಪ್ರಸಿದ್ಧ ಪ್ರೋಗ್ರಾಂ ಅನ್ನೂ ಓಡಿಸಿದೆ. ಒಳ್ಳೆಯ ಸಾಧನ, ಉಳಿದೆಲ್ಲ ಕಡೆ ನಾನು ಅದನ್ನೇ ನೆಚ್ಚುತ್ತೇನೆ. ಆದರೆ ಎರಡು ಸುಳ್ಳು ತಾಣಗಳು ಅಕ್ಕಪಕ್ಕ ಬಿದ್ದಾಗ ಅವು ಒಂದಕ್ಕೊಂದು ಸಾಕ್ಷಿ ಹೇಳಿಕೊಂಡು ಪಾರಾಗಿಬಿಡುತ್ತವೆ.

ಕಡತವನ್ನು ದಿಟ್ಟಿಸಿ ಪ್ರಯೋಜನವಿಲ್ಲ, ಈ ಕನ್ನಡಿಯನ್ನು ನನ್ನ ಕಣ್ಣಾರೆ ಕಾಣಬೇಕು ಎನಿಸಿತು. ಹದ್ದಿನ ಜಾಗದಲ್ಲಿ ನನ್ನ ಮನೆಯನ್ನೇ ನಿಲ್ಲಿಸಿದೆ. ಉಪಗ್ರಹ ಹಕ್ಕಿಯ ದನಿ ಕೇಳುವ ಬದಲು, ನಾನು ಉಪಗ್ರಹದ ದನಿ ಕೇಳಿ ನನ್ನ ಮನೆ ಎಲ್ಲಿದೆ ಎಂದು ಲೆಕ್ಕ ಹಾಕುವುದು. ಗಣಿತ ಎರಡೂ ಕಡೆ ಒಂದೇ. ಈ ದಾರಿ ಮೊದಲು ತೆರೆದದ್ದೂ ಇದೇ ಮೇರಿಲ್ಯಾಂಡಿನಲ್ಲಿ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ವಿಲಿಯಂ ಗೈರ್ ಮತ್ತು ಜಾರ್ಜ್ ವೈಫನ್‌ಬಾಕ್ ಅದರ ಬೀಪ್ ದನಿಯ ಏರಿಳಿತದಿಂದಲೇ ಕಕ್ಷೆಯನ್ನು ಕಂಡುಹಿಡಿದರು. ಕಕ್ಷೆ ಗೊತ್ತಿದ್ದರೆ ಕೇಳುವವನ ಜಾಗವನ್ನು ಕಂಡುಕೊಳ್ಳಬಹುದಲ್ಲ ಎಂದು ಅದನ್ನು ತಿರುಗಿಸಿ ಹಾಕಿದವರು ಫ್ರಾಂಕ್ ಮೆಕ್‌ಕ್ಲೂರ್. ಉಪಗ್ರಹದ ದನಿಯಿಂದ ತಾನಿರುವ ಜಾಗ ತಿಳಿಯುವ ಟ್ರಾನ್ಸಿಟ್ ವ್ಯವಸ್ಥೆ ಹುಟ್ಟಿದ್ದು ಹೀಗೆ. 1980ರ ದಶಕದಲ್ಲಿ ಹಕ್ಕಿ ಹೊರಬಲ್ಲಷ್ಟು ಹಗುರವಾದ ಉಪಗ್ರಹ ಟ್ರಾನ್ಸ್‌ಮಿಟರ್ ಮಾಡಿದ್ದೂ ಅದೇ ಪ್ರಯೋಗಾಲಯ, ಮೊದಮೊದಲು ಅದನ್ನು ಹೊತ್ತ ಹಕ್ಕಿಗಳಲ್ಲಿ ಬೋಳು ಹದ್ದೂ ಇತ್ತು. ನನ್ನ ಹವ್ಯಾಸದ ಎರಡು ತುದಿಗಳು ಒಂದೇ ಪ್ರಯೋಗಾಲಯದಲ್ಲಿ ಕೂಡುತ್ತವೆ ಎಂದು ತಿಳಿದಾಗ ಆದ ಸಂತೋಷವನ್ನು ಬರೆಯದೆ ಇರಲಾರೆ.

ಆಂಟೆನಾ ವಿಚಾರಕ್ಕೆ ಸಮಯ ವ್ಯರ್ಥ ಮಾಡುವುದಿಲ್ಲ, ನೀವೆಲ್ಲ ಕಟ್ಟುವ ತಾಮ್ರದ ಕೊಳವೆಯ ಸುರುಳಿಯೇ. ಜೀವ ತಿಂದದ್ದು ರಿಸೀವರ್. ಹತ್ತು ಲಕ್ಷಕ್ಕೆ ಒಂದು ಭಾಗದಷ್ಟೂ ಅಲುಗದ, ತಾಪಮಾನ ಸರಿದೂಗಿಸಿಕೊಂಡು ಆವೃತ್ತಿಯನ್ನು ಹಿಡಿದಿಡುವ ಸ್ಫಟಿಕವಿದೆ ಎಂದು ಬರೆದಿದ್ದ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ) ಒಂದನ್ನು ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದೆ. ಹೊರಗಿನ ಲೋಹದ ಕವಚ, ಅಕ್ಷರ ಎಲ್ಲ ಸರಿಯಾಗಿಯೇ ಇತ್ತು. ಆನ್ ಮಾಡಿದ ಅರ್ಧ ಗಂಟೆ ಆವೃತ್ತಿ ಇಳಿಯುತ್ತಲೇ ಹೋಯಿತು. ಕವಚ ಬಿಚ್ಚಿದರೆ ಒಳಗೆ ಎರಡು ಕಾಲಿನ ಸಾದಾ ಸ್ಫಟಿಕ! ಫೋಟೊ ತೆಗೆದು ಕಳುಹಿಸಿದೆ. ಕವಚ ಬಿಚ್ಚಿದ ಕಾರಣಕ್ಕೆ ಖಾತರಿ ರದ್ದು ಎಂಬ ಉತ್ತರ ಬಂತು. ಬಿಚ್ಚದೆ ಕಾಣುವ ಬಗೆ ಯಾವುದೆಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಎರಡನೆಯ ಮಾರಾಟಗಾರರು ಸರಿಯಾದ ವಸ್ತುವನ್ನೇ ಕಳುಹಿಸಿದರು, ಆದರೆ ಸಾದಾ ಕಾಗದದ ಲಕೋಟೆಯಲ್ಲಿ. ಕನೆಕ್ಟರ್ ಮುರಿದೇ ಬಂತು. ಕೊನೆಗೆ ಜಿಪಿಎಸ್‌ಗೆ ಜೋತುಬಿದ್ದ 10 ಮೆಗಾಹರ್ಟ್ಸ್ ಆಧಾರವೊಂದನ್ನು ಹಳೆಯ ಉಪಕರಣಗಳ ಸಂತೆಯಲ್ಲಿ ಕೊಂಡು, ಡಾಂಗಲ್ಲಿನ ಗಡಿಯಾರದ ಜಾಗಕ್ಕೆ ಅದರಿಂದ ಪಡೆದ ಸಂಕೇತವನ್ನು ಬೆಸುಗೆ ಹಾಕಿದೆ. ಆಮೇಲೆ ಆವೃತ್ತಿ ಕಲ್ಲಿನಂತೆ ನಿಂತಿತು.

ಧ್ವನಿಮುದ್ರಣಗಳು ಅಮೆರಿಕದ ಹವಾಮಾನ ಉಪಗ್ರಹ ನೋವಾ-19 ಇನ್ನೂ ಮಾತನಾಡುತ್ತಿದ್ದ ಕಾಲದವು. ಆ ಉಪಗ್ರಹ 2025ರ ಆಗಸ್ಟ್‌ನಲ್ಲಿ ನಿಂತಿತು, ಅಷ್ಟರಲ್ಲಿ ಅದರ 137 ಮೆಗಾಹರ್ಟ್ಸ್ ಬೀಕನ್ನನ್ನು (ಸದಾ ಹೊಮ್ಮುವ ಗುರುತು ಸಂಕೇತವನ್ನು) ಬೇಕಾದಷ್ಟು ತುಂಬಿಸಿಕೊಂಡಿದ್ದೆ. ಪಶ್ಚಿಮದಲ್ಲಿ, ದಿಗಂತದಿಂದ 40 ಡಿಗ್ರಿ ಎತ್ತರಕ್ಕೆ ಏರಿ, ದಕ್ಷಿಣದಿಂದ ಉತ್ತರಕ್ಕೆ ಹೋದ ಒಂದು ಹಾದಿಯನ್ನು ಲೆಕ್ಕಕ್ಕೆ ಕೊಟ್ಟೆ. ಎರಡು ಮನೆಗಳು ಬಂದವು: ಒಂದು ಮೇರಿಲ್ಯಾಂಡಿನ ನನ್ನ ಬೀದಿಯ ಆಸುಪಾಸಿನಲ್ಲಿ, ಇನ್ನೊಂದು ಸಾವಿರದ ಆರುನೂರು ಕಿಲೋಮೀಟರ್ ಆಚೆ, ಆರ್ಕನ್ಸಾ ರಾಜ್ಯದ ಪಶ್ಚಿಮ ಅಂಚಿನ ಕಡೆ. ಹದ್ದಿನ ರೋಗವೇ ನನ್ನ ಮನೆಗೂ ಬಂತು!

ಇಲ್ಲಿಯೇ ಬಾಗಿಲು ತೆರೆದದ್ದು. ಎರಡು ಉತ್ತರಗಳ ಜೊತೆಗೆ ಲೆಕ್ಕ ಇನ್ನೊಂದು ಸಂಖ್ಯೆಯನ್ನೂ ಕೊಡುತ್ತದೆ: ಬೀಕನ್ನಿನ ಮೂಲ ಆವೃತ್ತಿ. ನಿಜ ಮನೆಗೂ ಕನ್ನಡಿ ಮನೆಗೂ ಅದು ಬೇರೆ ಬೇರೆ ಬಂತು. ಕಾರಣ ಭೂಮಿಯ ತಿರುಗುವಿಕೆ. ಮೇರಿಲ್ಯಾಂಡಿನ ಅಕ್ಷಾಂಶದಲ್ಲಿ ನೆಲ ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಉಪಗ್ರಹದ ದಾರಿಯ ಪೂರ್ವಕ್ಕಿರುವವನು ಅದರಿಂದ ದೂರ ಸರಿಯುತ್ತಿರುತ್ತಾನೆ, ಪಶ್ಚಿಮಕ್ಕಿರುವವನು ಅದರ ಹತ್ತಿರ ಬರುತ್ತಿರುತ್ತಾನೆ. ತಪ್ಪು ಬದಿ ಹಿಡಿದರೆ ಆ ವ್ಯತ್ಯಾಸವನ್ನು ಲೆಕ್ಕವು ಮೂಲ ಆವೃತ್ತಿಯ ಮೇಲೆ ಹೊರಿಸುತ್ತದೆ. ಇನ್ನಷ್ಟು ಹಾದಿಗಳನ್ನು ಓಡಿಸಿದೆ. ನಿಜ ಮನೆಯ ಲೆಕ್ಕದಲ್ಲಿ ಬೀಕನ್ನಿನ ಆವೃತ್ತಿ ಪ್ರತಿ ಸಲವೂ ಒಂದೇ. ಕನ್ನಡಿ ಮನೆಯ ಲೆಕ್ಕದಲ್ಲಿ ಪೂರ್ವದ ಹಾದಿಗೆ ಮೇಲೆ, ಪಶ್ಚಿಮದ ಹಾದಿಗೆ ಕೆಳಗೆ.

ಹದ್ದಿನ 401.65 ಮೆಗಾಹರ್ಟ್ಸ್‌ನಲ್ಲಿ ಇದೇ ವ್ಯತ್ಯಾಸ ಸುಮಾರು ಮೂರು ಪಟ್ಟಾಗುತ್ತದೆ. ಹಾಗಾದರೆ ಆರ್ಗೋಸ್‌ನವರೇ ಇದನ್ನು ನೋಡಿ ಸರಿಯಾದ ಬದಿ ಆರಿಸುವುದಿಲ್ಲವೇ? ಆರಿಸುತ್ತಾರೆ, ಬಹುಪಾಲು ಸರಿಯಾಗಿಯೇ ಆರಿಸುತ್ತಾರೆ. ಆದರೆ ಹಕ್ಕಿಯ ಬೆನ್ನಿನ ಮೇಲಿನ ಸ್ಫಟಿಕ ಪ್ರಯೋಗಾಲಯದ ಮೇಜಿನ ಮೇಲಿಲ್ಲ. ಮುಂಜಾನೆ ಇಬ್ಬನಿಯಲ್ಲಿ ನೆನೆದು, ಮಧ್ಯಾಹ್ನ ಬಿಸಿಲಿಗೆ ಕಾದು, ಮೇಲೇರಿದಾಗ ಮತ್ತೆ ತಣಿಯುತ್ತದೆ. ಹತ್ತು ಲಕ್ಷಕ್ಕೆ ಒಂದು ಭಾಗ ಸರಿದರೂ 400 ಹರ್ಟ್ಸ್ ಹೋಯಿತು. ದಿನಗಟ್ಟಲೆ ಮೌನದ ನಂತರ ಯಂತ್ರ ಮತ್ತೆ ಮಾತನಾಡಿದಾಗ ಹಿಂದಿನ ಆವೃತ್ತಿಯೊಂದಿಗೆ ಹೋಲಿಸುವುದು ಸುಲಭವಲ್ಲ. ಹಕ್ಕಿಯ ಹಾರಾಟದ ವೇಗ ಇದರಲ್ಲಿ ಲೆಕ್ಕಕ್ಕಿಲ್ಲ: ಸೆಕೆಂಡಿಗೆ 15 ಮೀಟರ್ ಹಾರಿದರೂ 20 ಹರ್ಟ್ಸ್ ಅಷ್ಟೇ.

ಅದೃಷ್ಟಕ್ಕೆ ಪ್ರತಿ ಸಂದೇಶದ ಜೊತೆ ಯಂತ್ರದ ತಾಪಮಾನವೂ ಬಂದಿತ್ತು. ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ಲೆಕ್ಕದ ಆವೃತ್ತಿ ಇಟ್ಟು ಎಲ್ಲ ತಾಣಗಳನ್ನೂ ಚುಕ್ಕಿ ಹಾಕಿದೆ. ಒಂದು ನಯವಾದ ಬಾಗು ಮೂಡಿತು. ಅದರ ಕೆಳಗೆ, ಸ್ಪಷ್ಟವಾಗಿ ಕಳಚಿಕೊಂಡು, ಇನ್ನೊಂದು ಗುಂಪು. ಅವುಗಳ ತಾಣ ತೆಗೆದು ನೋಡಿದರೆ ಮಿಸೂರಿ, ಆರ್ಕನ್ಸಾ, ಇಲಿನಾಯ್. ಆಯಾ ದಿನದ ಕಕ್ಷೆಯ ವಿವರ ತೆಗೆದು, ಬದಿ ತಪ್ಪಿದ್ದರೆ ಎಷ್ಟು ಹರ್ಟ್ಸ್ ಕೆಳಗಿರಬೇಕು ಎಂದು ಲೆಕ್ಕ ಹಾಕಿದೆ. ಚುಕ್ಕಿಗಳು ಅಷ್ಟೇ ಕೆಳಗಿದ್ದವು. ಎರಡನೆಯ ಉತ್ತರಕ್ಕೆ ಬದಲಿಸಿದೊಡನೆ ಅವೆಲ್ಲ ಬಾಗಿನ ಮೇಲೆ ಬಂದು ಕೂತವು, ನಕ್ಷೆಯಲ್ಲಿ ಸಸ್ಕ್ವಹನ್ನಾ ನದಿಯ ಕೆಳದಂಡೆಗೂ ಕೊಲ್ಲಿಯ ಅಂಚಿಗೂ ಬಂದು ಸೇರಿದವು. ಹದ್ದು ಬೇಸಿಗೆಯಿಡೀ ಇಲ್ಲೇ ಇತ್ತು. ಕೊನೊವಿಂಗೊ ಅಣೆಕಟ್ಟಿನ ಕೆಳಗೆ ಶರತ್ಕಾಲದಲ್ಲಿ ಹದ್ದು ನೋಡಲು ಕ್ಯಾಮರಾಗಳು ಸಾಲುಗಟ್ಟುವ ಜಾಗದಿಂದ ಅಷ್ಟೇನೂ ದೂರವಲ್ಲ.

ಇದರ ನಡುವೆಯೇ ಮುಂದಿನ ಕೆಲಸ ತಲೆ ಹೊಕ್ಕಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು! ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟುವ ಹಕ್ಕಿಗೆ ಆವೃತ್ತಿಯ ಏರಿಳಿತದ ಈ ಲೆಕ್ಕದಲ್ಲಿ (ಡಾಪ್ಲರ್ ಲೆಕ್ಕ) ಬೇರೆಯೇ ತೊಡಕು: ಲೆಕ್ಕ ಹಾಕುವವನು ಹಕ್ಕಿಯ ಎತ್ತರವನ್ನು ಮೊದಲೇ ಊಹಿಸಬೇಕು. ಟಿಬೆಟ್ ಪ್ರಸ್ಥಭೂಮಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟ ಎಂದುಕೊಂಡು ಲೆಕ್ಕ ಹಾಕಿದರೆ ತಾಣ ಉಪಗ್ರಹದ ದಾರಿಗೆ ಅಡ್ಡಲಾಗಿ ಕಿಲೋಮೀಟರ್‌ಗಟ್ಟಲೆ ಸರಿಯುತ್ತದೆ. ಪೂರ್ವದ ಹಾದಿ ಒಂದು ಕಡೆಗೆ, ಪಶ್ಚಿಮದ ಹಾದಿ ಇನ್ನೊಂದು ಕಡೆಗೆ ಸರಿಸುವುದರಿಂದ, ಎರಡನ್ನೂ ಕೂಡಿಸಿ ಎತ್ತರವನ್ನೇ ಲೆಕ್ಕದಿಂದ ಹೊರತೆಗೆಯಬಹುದು ಎಂದು ನನ್ನ ನಂಬಿಕೆ. ಆ ಬಗೆಯ ಹಳೆಯ ದತ್ತಾಂಶಕ್ಕಾಗಿ ಪತ್ರ ಬರೆದಿದ್ದೇನೆ. ಜನವರಿಯಲ್ಲಿ ಊರಿಗೆ ಬಂದಾಗ ಶಿರಹಟ್ಟಿ ಕಡೆಯ ಆ ಕೆರೆಗೆ ಹೋಗುವುದಂತೂ ಖಚಿತ, ದೂರದರ್ಶಕ ಹೆಗಲಿಗಿದ್ದರೆ ಕೊರಳಪಟ್ಟಿಯ ಅಕ್ಷರಗಳನ್ನಾದರೂ ಓದಬಹುದು.

ಹದ್ದಿನ ಕಡತದಲ್ಲಿ ಇನ್ನೂ ಬಗೆಹರಿಯದ ಚುಕ್ಕಿಗಳಿವೆ. ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೆ ಹಾದು ಹೋದಾಗ ಆವೃತ್ತಿಯ ವ್ಯತ್ಯಾಸ ಸೊನ್ನೆಗೆ ಇಳಿಯುತ್ತದೆ, ಬದಿ ಹೇಳಲಾಗುವುದಿಲ್ಲ. ಆಗ ಎರಡು ತಾಣಗಳೂ ಹತ್ತಿರವೇ ಇರುವುದರಿಂದ ವಲಸೆಯ ನಕ್ಷೆಗೆ ದೊಡ್ಡ ತೊಂದರೆಯಿಲ್ಲ, ಆದರೆ ರಾತ್ರಿ ಕೂರುವ ಮರಗಳನ್ನು ಗುರುತಿಸಹೊರಟರೆ ಅದು ಸಾಲದು. ಇನ್ನೊಂದು, ಸ್ಫಟಿಕಕ್ಕೂ ವಯಸ್ಸಾಗುತ್ತದೆ. ಎರಡನೆಯ ವರ್ಷದ ಚುಕ್ಕಿಗಳು ಮೊದಲ ವರ್ಷದ ಬಾಗಿನಿಂದ ಒಟ್ಟಾಗಿ ಮೇಲಕ್ಕೆ ಸರಿದಿವೆ. ಆದ್ದರಿಂದ ಬಾಗನ್ನು ಒಮ್ಮೆ ಎಳೆದು ಬಿಡದೆ ತಿಂಗಳಿಗೊಮ್ಮೆ ಹೊಸದಾಗಿ ಎಳೆಯುವಂತೆ ಪ್ರೋಗ್ರಾಂ ತಿದ್ದುತ್ತಿದ್ದೇನೆ. ಅದು ಮುಗಿದರೆ ಇದೇ ಸಂಶೋಧಕರು ಕೊಟ್ಟಿರುವ ಇನ್ನೊಂದು ಎಳೆಯ ಹದ್ದಿನ ಕಡತ ಕಾದಿದೆ. ಅದರಲ್ಲಿ ತಾಪಮಾನದ ಕಾಲಂ ಅರ್ಧಕ್ಕೆ ನಿಂತಿದೆ, ಉಳಿದರ್ಧಕ್ಕೆ ಹಗಲಿನ ಗಂಟೆಯನ್ನೇ ತಾಪಮಾನದ ಬದಲಿಗೆ ಇಟ್ಟು ನೋಡಬೇಕು.