ಬೂಟಿನ ತುದಿ

ಇಂದು ಹಾಕಿ ಪಂದ್ಯ ಸೋತೆವು. 2–1.

ಮನೆಗೆ ಬಂದು ಕಾಲು ನೀಡಿ ಕುಳಿತರೂ ಒಂದು ಗಳಿಗೆ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಕೊನೆಯ ಐದು ನಿಮಿಷ. ನಾನು ಹೊಡೆದ ಚೆಂಡು ಗೋಲಿನ ಮುಂದಿನ ಗೆರೆ, ‘ಡಿ’ ಒಳಗೆ ಅವರ ರಕ್ಷಣಾ ಆಟಗಾರರೊಬ್ಬರ ಬೂಟಿನ ತುದಿ ಸವರಿ ಹೊರಗೆ ಹೋಯಿತು. ಅಂಪೈರ್‌ಗೆ ಕಾಣಲಿಲ್ಲ. ನನಗೂ ಖಾತ್ರಿಯಿರಲಿಲ್ಲ, ಅಷ್ಟು ಧೂಳು. ಆ ಮನುಷ್ಯ ತಾವೇ ಕೈ ಎತ್ತಿ ಬೂಟು ತೋರಿಸಿದರು. ಚೆಂಡು ಕಾಲಿಗೆ ತಾಗಿದ ತಪ್ಪಿಗೆ ನಮಗೆ ಪೆನಾಲ್ಟಿ ಕಾರ್ನರ್, ಗೋಲು ಹೊಡೆಯಲು ಒಳ್ಳೆಯ ಅವಕಾಶ!

ಐವತ್ತು ದಾಟಿರಬೇಕು, ಮಂಡಿಗೆ ಪಟ್ಟಿ. ಅದೇ ತಂಡದಲ್ಲಿ ಆಡುತ್ತಿದ್ದ ಅವರ ಮಗಳು “ಅಪ್ಪಾ!” ಎಂದು ಕೂಗಿದ್ದು ಗ್ಯಾಲರಿಯವರೆಗೂ ಕೇಳಿಸಿತು.

ಕಾರ್ನರನ್ನು ನಾವು ಹಾಳು ಮಾಡಿಕೊಂಡೆವು. ಆ ಮಾತು ಬೇರೆ.

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಇದು. ಇಲ್ಲಿ ಎದುರಾಳಿಯ ನಂಟು ಕೆದಕಿದರೆ ಯಾವುದೋ ದಾರಿಯಲ್ಲಿ ಸೋದರಮಾವನೇ ಆಗಿರುತ್ತಾನೆ. ಮುಂದಿನ ಮದುವೆಯಲ್ಲಿ ಎದುರೆದುರು ಕುಳಿತು ಕಡಂಬುಟ್ಟು, ಪಂದಿಕರಿ ತಿನ್ನಬೇಕಾದವರು.

ಹೋದ ವರ್ಷ ಇಂಥದ್ದೇ ಚೆಂಡು ನನ್ನ ಕಾಲಿಗೆ ತಾಗಿತ್ತು. ಅಂಪೈರ್ ನೋಡಲಿಲ್ಲ. ನಾನು ಲೇಸ್ ಕಟ್ಟಿಕೊಳ್ಳುವವನ ಹಾಗೆ ಬಗ್ಗಿದೆ. ಲೇಸ್ ಬಿಚ್ಚಿರಲಿಲ್ಲ. ಗೆದ್ದೆವು ಕೂಡ.

ಇಂದು ಪಂದ್ಯ ಮುಗಿದ ಮೇಲೆ ಅದನ್ನು ಅವರಿಗೆ ಹೇಳಿಬಿಡಬೇಕು ಎಂದುಕೊಂಡು ಹತ್ತಿರ ಹೋದೆ. ಬಾಯಿಗೆ ಬಂದದ್ದು, “ಮಂಡಿ ಹೇಗಿದೆ ಅಣ್ಣ?”

“ನಾಳೆ ಬೆಳಿಗ್ಗೆ ಅದೇ ಹೇಳುತ್ತದೆ” ಎಂದು ನಕ್ಕು, ತಮ್ಮ ನೀರಿನ ಬಾಟಲಿಯನ್ನು ನನ್ನ ಕೈಗಿಟ್ಟರು.